ಟಿಬಿ ವಿಷ್ಯ ಪಾಲಿಕೆ ಮೀಟಿಂಗಿಗೂ ಬರ್ಲಿ

ಸಂಪಾದಕರಿಗೆ ನಮಸ್ಕಾರ,

ಪ್ರತಿ ವರ್ಷ ಮಾರ್ಚ್ 24 ಬಂತಂದ್ರೆ ಟಿಬಿ ಜಾಥಾ, ಬ್ಯಾನರ್, ಭಾಷಣ ಎಲ್ಲಾ ಆಗ್ತೈತೆ, ಮರುದಿನದಿಂದ ಅದು ಆರೋಗ್ಯ ಇಲಾಖೆಯವ್ರ ತಲೆನೋವು ಅಂತ ಉಳಿದವ್ರೆಲ್ಲಾ ಸುಮ್ನಾಗಿಬಿಡ್ತಾರೆ. ಇದ್ರಲ್ಲಿ ನಮ್ಮ ಬಳ್ಳಾರಿ ಮಹಾನಗರ ಪಾಲಿಕೆ ಕೆಲ್ಸ ಏನು ಅಂತ ಯಾರೂ ಕೇಳಲ್ಲ, ಅದನ್ನ ಕೇಳೋಕೇ ಈ ಪತ್ರ.

ಊರಿನ ಆಡಳಿತ ಮನಸ್ಸು ಮಾಡಿದ್ರೆ ಏನು ಮಾಡ್ಬಹುದು ಅನ್ನೋಕೆ ಒಂದು ಹಳೇ ಉದಾಹರಣೆ ಹೇಳ್ತೀನಿ. ಎರಡು ಮಹಾಯುದ್ಧಗಳ ನಡುವೆ ಲಂಡನ್ನಿನ ಬರ್ಮಂಡ್ಸಿ ಅಂದ್ರೆ ಬಡವರ ಏರಿಯಾ. ಹಡಗಿನ ಮಾಲು ಇಳಿಸೋ ಹಮಾಲರು, ಚರ್ಮ ಹದ ಮಾಡೋ ಕಾರ್ಖಾನೆಗಳು, ಗಾಳಿ ಇಲ್ದ ಇಕ್ಕಟ್ಟು ಮನೆಗಳು. ಟಿಬಿಗೆ ಆಗ ಔಷಧಿನೇ ಇಲ್ಲ, ಟಿಬಿ ವಾಸಿ ಮಾಡೋ ಸ್ಟ್ರೆಪ್ಟೊಮೈಸಿನ್ ಅನ್ನೋ ಔಷಧಿ ಸಿಕ್ಕಿದ್ದೇ 1943ರಲ್ಲಿ. ಆದ್ರೂ 1922ರಲ್ಲಿ ಅಲ್ಲಿ ಲೇಬರ್ ಪಕ್ಷದವ್ರು ಕೌನ್ಸಿಲ್ (ನಮ್ಮ ಪಾಲಿಕೆ ಥರದ್ದು) ಗೆದ್ದು ಬಂದಾಗ ಕೈಕಟ್ಟಿ ಕೂರ್ಲಿಲ್ಲ. ಅದೇ ಏರಿಯಾದಲ್ಲಿ ಬಡವರ ಡಾಕ್ಟರಾಗಿದ್ದ ಆಲ್ಫ್ರೆಡ್ ಸಾಲ್ಟರ್, ಮೇಯರ್ ಆದ ಅವ್ರ ಹೆಂಡ್ತಿ ಆಡಾ ಸಾಲ್ಟರ್ ಮುಂದೆ ನಿಂತು, ಹಳೇ ಮನೆ ಕೆಡವಿಸಿ ಹೊಸ ಮನೆ, ಬೀದಿಬೀದಿಗೆ ಗಿಡ ಅಂತ ಹಿಡಿದ್ರು. 1926ರಲ್ಲಿ ಕೃತಕ ಬಿಸಿಲು ಕೊಡೋ ದೀಪದ ಚಿಕಿತ್ಸಾಲಯನೂ ತೆರೆದ್ರು. ಶ್ವಾಸಕೋಶದ ಟಿಬಿಗೆ ಆ ದೀಪದಿಂದ ದೊಡ್ಡ ಉಪಯೋಗ ಆಗ್ಲಿಲ್ಲ, ಅದನ್ನೂ ಹೇಳ್ಬೇಕು.

ನನಗೆ ಬಹಳ ಹಿಡಿಸಿದ್ದು ಅವ್ರ ಸಿನಿಮಾ ವ್ಯಾನು. ಕೌನ್ಸಿಲ್ಲಿನ ಆರೋಗ್ಯ ಸಿಬ್ಬಂದಿನೇ ಸಣ್ಣ ಸಣ್ಣ ಫಿಲ್ಮ್ ತೆಗೆದು, ಸಂಜೆ ಓಣಿಯಲ್ಲಿ ವ್ಯಾನು ನಿಲ್ಲಿಸಿ ಅದ್ರ ಹಿಂದ್ಗಡೆ ಪರದೆ ಮೇಲೆ ತೋರಿಸ್ತಿದ್ರು, ಮೂಕಿ ಚಿತ್ರ ಆದ್ದರಿಂದ ಪಕ್ಕದಲ್ಲಿ ಒಬ್ರು ನಿಂತು ವಿವರಿಸ್ತಿದ್ರು, ಮಕ್ಕಳು ಮುಗಿಬಿದ್ದು ನೋಡ್ತಿದ್ವು. ಜನ ಆಸ್ಪತ್ರೆಗೆ ಬರ್ಲಿ ಅಂತ ಕಾಯ್ಲಿಲ್ಲ.

ಈಗ ನಮ್ಮ ಕೌಲ್ ಬಜಾರ್ ಕಡೆ ಬನ್ನಿ. ಜೀನ್ಸ್ ಹೊಲಿಯೋ ಎಷ್ಟೋ ಮನೇಲಿ ಮಷಿನ್ ಇರೋ ರೂಮೇ ಮಲಗೋ ರೂಮು. ಇರೋ ಒಂದು ಕಿಟಕಿಗೆ ಬಟ್ಟೆ ಬಂಡಲ್ ಒಟ್ಟಿರ್ತಾರೆ, ಹೊಲಿಯೋರ ಹುಬ್ಬಿನ ಮೇಲೆಲ್ಲಾ ನೀಲಿ ಧೂಳು. ಒಬ್ರು ತಿಂಗಳುಗಟ್ಲೆ ಕೆಮ್ತಿದ್ರೂ ಧೂಳಿನ ಕೆಮ್ಮು ಅಂತ ಮೆಡಿಕಲ್ ಶಾಪಿನ ಸಿರಪ್ಪಲ್ಲೇ ಕಾಲ ತಳ್ತಾರೆ. ಟಿಬಿ ಅಂತ ಗೊತ್ತಾದ್ರೂ, ಮಗಳ ಸಂಬಂಧ ತಪ್ಪಿಹೋದೀತಂತ ಪಕ್ಕದ ಮನೆಗೂ ಹೇಳಲ್ಲ, ಗುಳಿಗೆ ಡಬ್ಬಿ ಅಕ್ಕಿ ಡ್ರಮ್ಮಿನ ಹಿಂದೆ. ಅವ್ರನ್ನ ಬೈದು ಏನೂ ಆಗಲ್ಲ, ಹೆದರಿಕೆ ಅಂಥದ್ದು.

1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನ, ಗುಳಿಗೆ ಸರಿಯಾಗಿ ತಗೊಂಡ್ರೆ ಮನೇಲಿದ್ದೇ ಟಿಬಿ ವಾಸಿ ಆಗ್ತೈತೆ ಅಂತ ತೋರಿಸಿಕೊಡ್ತು, ಇಡೀ ಜಗತ್ತೇ ಒಪ್ಕೊಂಡ್ತು. ನಮ್ಮೂರಲ್ಲಿ ವೆಲ್ಲೆಸ್ಲಿ ಟಿಬಿ ಆಸ್ಪತ್ರೆ ಇದ್ರೂ ಹೆಚ್ಚಿನವ್ರು ಮನೇಲೇ ಗುಳಿಗೆ ನುಂಗೋದು. ಅಂದ್ಮೇಲೆ ಆ ಮನೆ ಗಾಳಿ-ಬೆಳಕು ನೋಡೋರ್ಯಾರು? ಗುಳಿಗೆ ಸರ್ಕಾರ ಪುಕ್ಕಟೆ ಕೊಡ್ತೈತೆ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ಇದ್ದಿದ್ದನ್ನ 2024ರ ನವೆಂಬರಿಂದ 1000 ರೂಪಾಯಿ ಮಾಡೈತೆ, ಆದ್ರೆ ಮನೆಗೆ ಕಿಟಕಿನ ಆರೋಗ್ಯ ಇಲಾಖೆ ಕೊಡೋಕಾಗಲ್ಲ.

ಅದಕ್ಕೇ ಮೇಯರ್ ಮತ್ತೆ ಎಲ್ಲಾ ಕಾರ್ಪೊರೇಟರುಗಳಲ್ಲಿ ಕೇಳ್ಕೊಳ್ಳೋದು, ಹೊಲಿಗೆ ಯೂನಿಟ್ಟಿಗೆ ಲೈಸೆನ್ಸ್ ಕೊಡೋವಾಗ, ರಿನ್ಯೂವಲ್ ಮಾಡೋವಾಗ ಕಿಟಕಿ, ಎಕ್ಸಾಸ್ಟ್ ಫ್ಯಾನ್ ಕಣ್ಣಾರೆ ನೋಡಿ ಸಹಿ ಹಾಕ್ರಿ. ಕಸದ ಗಾಡಿ ಮೈಕಲ್ಲಿ ದಿನಾ ಹಾಡು ಹಾಕ್ತೀರಿ, ಎರಡು ವಾರ ಮೀರಿದ ಕೆಮ್ಮಿದ್ರೆ ಕಫ ಪರೀಕ್ಷೆ ಮಾಡಿಸ್ರಿ ಅಂತ ಅದ್ರಲ್ಲೇ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಹೇಳಿಸ್ರಿ. ಮುಂದಿನ ಬಜೆಟ್ಟಲ್ಲಿ ಟಿಬಿಗಂತ ಸಣ್ಣದಾದ್ರೂ ಒಂದು ಬಾಬ್ತು ಇಡ್ರಿ, ಯಾವ ವಾರ್ಡಿಗೆ ಎಷ್ಟು ಖರ್ಚಾಯ್ತು ಅಂತ ಸಭೇಲಿ ಓದಿ ಹೇಳ್ರಿ.

ಇಂತಿ,
ಕೌಲ್ ಬಜಾರಿನ ಒಬ್ಬ ಓದುಗ, ಬಳ್ಳಾರಿ