ಬಾಣಂತಿಯರ ಮನಸ್ಸಿಗೂ ಒಂದು ಗುರುವಾರ ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ಮನವಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ವಾಪಸ್ ಬರುವುದು ಸಾಕಾಗಿ ಇದನ್ನು ಎಲ್ಲರೆದುರು ಬರೆಯುತ್ತಿದ್ದೇವೆ. ಮುಖ್ಯವಾಗಿ ಕೇಳುತ್ತಿರುವುದು ಒಂದೇ. ಲಸಿಕೆ ಹಾಕುವ ಗುರುವಾರದ ದಿನ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕಿ ಇರಲಿ, ಆಕೆಗೆ ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ ಇರಲಿ.

ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕಾರ್ಯಕ್ರಮ ಮಂಗಳವಾರ ಇದೆಯಲ್ಲ ಎಂದು ನಿಮ್ಮ ಅಧಿಕಾರಿಗಳು ಹೇಳುತ್ತಾರೆ. ಇದೆ. ಆದರೆ ಹಸಿ ಬಾಣಂತಿಯನ್ನು ಮನೋವೈದ್ಯರ ಸಾಲಿನಲ್ಲಿ ನಿಲ್ಲಿಸಲು ಯಾವ ಮನೆಯವರು ಕಳಿಸುತ್ತಾರೆ? ಲಸಿಕೆಗಾದರೆ ಯಾರೂ ತಡೆಯುವುದಿಲ್ಲ. ಆರು, ಹತ್ತು, ಹದಿನಾಲ್ಕನೇ ವಾರ ಅವಳು ಮಗುವನ್ನೆತ್ತಿಕೊಂಡು ಹೊರಗೆ ಬಂದೇ ಬರುತ್ತಾಳೆ. ಆ ಮೂರು ಭೇಟಿಗಳನ್ನೂ ಇಲಾಖೆ ಕೈಯಾರೆ ಬಿಟ್ಟುಕೊಡುತ್ತಿದೆ.

ಮನೆಭೇಟಿಯ ಪಾಡೂ ಅಷ್ಟೇ. ಆಸ್ಪತ್ರೆಯಲ್ಲಿ ಹೆರಿಗೆಯಾದವಳ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾಳೆ. ಮಗುವನ್ನು ಜೋಳಿಗೆ ತಕ್ಕಡಿಯಲ್ಲಿ ತೂಗುತ್ತಾಳೆ, ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಾಳೆ, ತಾಯಿಗೆ ರಕ್ತಸ್ರಾವ ಎಷ್ಟಿದೆ, ಜ್ವರ ಇದೆಯೇ ಎಂದು ಬರೆದುಕೊಳ್ಳುತ್ತಾಳೆ. ಆ ನಮೂನೆಯಲ್ಲಿ ತಾಯಿಯ ಮನಸ್ಸಿನ ಹತ್ತಿರ ಬರುವ ಪ್ರಶ್ನೆ ಅಸಹಜವಾಗಿ ಮಾತಾಡುತ್ತಾಳೆಯೇ, ಫಿಟ್ಸ್ ಬರುತ್ತದೆಯೇ ಎಂಬುದು. ಅದರಿಂದ ಬಾಣಂತಿ ಸನ್ನಿ ಸಿಕ್ಕೀತು. ಅದು ಬರುವುದು ಸಾವಿರದಲ್ಲಿ ಒಬ್ಬಿಬ್ಬರಿಗೆ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಂತೆ ಹೆರಿಗೆಯ ನಂತರದ ಖಿನ್ನತೆ ಕಾಡುವುದು ನೂರರಲ್ಲಿ ಸುಮಾರು 22 ತಾಯಂದಿರನ್ನು. ಅವರು ಅಸಹಜವಾಗಿ ಮಾತಾಡುವುದಿಲ್ಲ, ಮಾತೇ ಕಡಿಮೆ ಮಾಡುತ್ತಾರೆ.

ಈ ಖಿನ್ನತೆಯ ಪತ್ತೆಗೆ ಎಡಿನ್‌ಬರೋ ಮಾಪಕ ಎಂಬ ಪ್ರಶ್ನಾವಳಿ 1987ರಿಂದ ಇದೆ, ಕನ್ನಡದಲ್ಲೂ ಇದೆ. ಹತ್ತು ಪ್ರಶ್ನೆ, ಮೂವತ್ತು ಅಂಕ, ಕಳೆದ ಏಳು ದಿನ ಹೇಗಿತ್ತು ಎಂಬುದಷ್ಟೇ ವಿಷಯ. ತಪ್ಪುವುದು ಬಳಸುವ ರೀತಿಯಲ್ಲಿ. ಮೂರನೇ ದಿನ ಕೇಳಿದರೆ ಎರಡು ವಾರದಲ್ಲಿ ತಾನೇ ಇಳಿಯುವ ಸಾಮಾನ್ಯ ಅಳುವೂ ಕಾಯಿಲೆಯಂತೆ ಕಾಣುತ್ತದೆ; ಆರನೇ ವಾರ ಕೇಳಬೇಕು. ಅತ್ತೆಯ ಎದುರು ಕೇಳಿದರೆ ಎಲ್ಲದಕ್ಕೂ ‘ಚೆನ್ನಾಗಿದ್ದೀನಿ’ ಎಂದೇ ಉತ್ತರ ಬರುತ್ತದೆ. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ, ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಅವತ್ತೇ ಆಕೆಯೊಡನೆ ಮಾತಾಡಬೇಕು. ಮಾತಾಡುವವರೇ ಇಲ್ಲದ ಆಸ್ಪತ್ರೆಯಲ್ಲಿ ಆ ಹಾಳೆ ಫೈಲು ಸೇರುತ್ತದೆ.

ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಆದದ್ದನ್ನು ಹೇಳುತ್ತೇವೆ. ಸತ್ತ ಮಗುವನ್ನು ಹೆತ್ತ ತಾಯಿಗೆ ಕೊಟ್ಟ ಮಂಚ ಹಾಲೂಡಿಸುವ ತಾಯಂದಿರ ನಡುವಿನದು. ಹೊಲಿಗೆ ಹಾಕುವಾಗ ಮರಗಟ್ಟುವ ಇಂಜೆಕ್ಷನ್ ಕೆಲಸ ಮಾಡುವ ತನಕ ಕಾಯಲಿಲ್ಲ. ಕೂಗಿದ್ದಕ್ಕೆ ಬೈದರು. ಎದೆಹಾಲು ಕಟ್ಟಿ ಜ್ವರ ಬಂದಾಗ ‘ಮಗು ಎಲ್ಲಮ್ಮ?’ ಎಂದು ಪಾಳಿ ಬದಲಾದ ಸಿಬ್ಬಂದಿ ಕೇಳಿದರು, ಕೇಸ್‌ ಶೀಟ್ ಕೈಯಲ್ಲೇ ಇತ್ತು! ಮನೆಗೆ ಹೋದ ಮೇಲೆ ಸ್ಟೀಲ್ ತಟ್ಟೆ ಬಿದ್ದ ಸದ್ದಿಗೂ ಬೆಚ್ಚುತ್ತಿದ್ದಳು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ಕೊನೆಗೆ ಸರ್ಕಾರಿ ವ್ಯವಸ್ಥೆಯಿಂದ ಸಿಕ್ಕಿದ್ದು ನಿದ್ದೆ ಮಾತ್ರೆ ಮತ್ತು ಮುಂದಿನ ತಿಂಗಳ ತಾರೀಖು. ಸ್ವಾಮಿ, ಇದಕ್ಕೆ ಹೊಣೆ ಯಾರು?

ಹೀಗೆ ಗಾಯಗೊಂಡ ಮನಸ್ಸಿಗೆ ಚಿಕಿತ್ಸೆಯಿದೆ, ಅದಕ್ಕೊಂದು ಕ್ರಮವಿದೆ. ಆದ ಮಾರನೇ ದಿನವೇ ‘ಏನಾಯ್ತು, ಎಲ್ಲ ಹೇಳಿಬಿಡು’ ಎಂದು ಒಂದೇ ಸಲ ಬಾಯಿ ಬಿಡಿಸುವುದರಿಂದ ಉಪಯೋಗವಿಲ್ಲ. ಮೊದಲು ನಿದ್ದೆ: ಹಿಂಡಿಟ್ಟ ಹಾಲನ್ನು ಬೇರೆಯವರು ಕುಡಿಸಿ, ತಾಯಿಗೆ ನಾಲ್ಕೈದು ಗಂಟೆ ಎಡೆಬಿಡದೆ ಮಲಗಲು ಬಿಡಬೇಕು. ಮಗುವನ್ನು ಕಳೆದುಕೊಂಡವಳಿಗೆ ಶೋಕಿಸಲು ಅವಕಾಶ ಬೇಕು. ಭಯ ಉಕ್ಕಿದಾಗ ಕಾಲು ನೆಲಕ್ಕೂರಿ, ಕಣ್ಣೆದುರಿನ ವಸ್ತುಗಳ ಹೆಸರು ಹೇಳುತ್ತ ಈ ಕ್ಷಣಕ್ಕೆ ಮರಳುವುದನ್ನು ಕಲಿಸಬೇಕು. ಆಮೇಲೆ ಹೆರಿಗೆಯ ಕತೆಯನ್ನು ಮೊದಲಿಂದ ಕೊನೆಯವರೆಗೆ ಅವಳ ವೇಗದಲ್ಲೇ ಹೇಳಿಸಬೇಕು, ಅತಿ ಕೆಟ್ಟ ಕ್ಷಣದಲ್ಲಿ ನಿಂತು ‘ನನ್ನದೇ ತಪ್ಪು’ ಎಂಬ ನಂಬಿಕೆಯನ್ನು ಪರೀಕ್ಷಿಸಬೇಕು. ಹೆರಿಗೆ ಕೋಣೆಯ ಬಾಗಿಲವರೆಗೆ ನಿಧಾನಕ್ಕೆ ಕರೆದೊಯ್ಯುವುದು ಕೊನೆಗೆ. ಎಂಟರಿಂದ ಹನ್ನೆರಡು ಭೇಟಿ ಬೇಕಾಗುತ್ತದೆ. ನಡುವೆ ನಿಲ್ಲಿಸಿದರೆ ನೆನಪು ಕೆದಕಿದಂತಾಗುತ್ತದೆ, ಗಾಯ ಮಾಯುವುದಿಲ್ಲ. ತವರಿನಿಂದ ಗಂಡನ ಮನೆಗೆ, ಬೇರೆ ತಾಲ್ಲೂಕಿಗೆ ಹೋಗುವವಳ ಭೇಟಿಗಳು ತಪ್ಪುವುದು ಇಲ್ಲೇ. ಅದಕ್ಕೇ ತಾಯಿ ಕಾರ್ಡಿನಲ್ಲಿ ಎಷ್ಟನೇ ಭೇಟಿ ಎಂದು ಬರೆಯುವ ಜಾಗ ಕೇಳುತ್ತಿದ್ದೇವೆ. ಗಂಡಂದಿರಿಗೂ ಖಿನ್ನತೆ ಬರುತ್ತದೆ. ಲಸಿಕೆಗೆ ಜತೆಯಲ್ಲಿ ಬಂದವರನ್ನೂ ಒಂದು ಮಾತು ಕೇಳಬಹುದು.

ಮನೋವೈದ್ಯರ ಕೊರತೆ ಎಂಬ ಉತ್ತರ ಬೇಡ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರೇ ಹದಿನಾರು ಭೇಟಿಗಳಲ್ಲಿ ಖಿನ್ನ ತಾಯಂದಿರಿಗೆ ಮಾತಿನ ಚಿಕಿತ್ಸೆ ಕೊಟ್ಟರು. ಮಗುವಿಗೆ ಆರು ತಿಂಗಳಾದಾಗ ಅವರಲ್ಲಿ ಖಿನ್ನತೆ ಉಳಿದಿದ್ದು 23%, ಚಿಕಿತ್ಸೆಯಿಲ್ಲದೆ ಬರೀ ಭೇಟಿ ಸಿಕ್ಕವರಲ್ಲಿ 53%. 2008ರಲ್ಲಿ ಪ್ರಕಟವಾದ ಆ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೈಪಿಡಿ ಮಾಡಿತು. ಹೆರಿಗೆಯ ಆಘಾತಕ್ಕೆ ಅದಷ್ಟೇ ಸಾಲದು, ಮೇಲ್ವಿಚಾರಣೆ ಬೇಕು. ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವಿಗೆಂದೇ ಘಟಕವಿದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ. ಇಲ್ಲಿ ಆಗದ್ದು ಇನ್ನೆಲ್ಲಿ ಆದೀತು?

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಕಲಂ ನಿಮಗೆ ಗೊತ್ತೇ ಇದೆ. ಸರ್ಕಾರದಿಂದ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಎಂದರೆ ಮುಗಿಯುವುದಿಲ್ಲ, ಎಷ್ಟೋ ಬಾಣಂತಿಯರ ಕೈಯಲ್ಲಿ ಸ್ವಂತ ಫೋನೇ ಇರುವುದಿಲ್ಲ.

ಆದ್ದರಿಂದ ಮತ್ತೆ ಕೇಳುತ್ತೇವೆ: ಗುರುವಾರ ಕೊಡಿ, ಕೋಣೆ ಕೊಡಿ, ಆಪ್ತಸಮಾಲೋಚಕಿಯನ್ನು ನೇಮಿಸಿ, ತಾಯಿ ಕಾರ್ಡಿನಲ್ಲಿ ಅಂಕಣ ಸೇರಿಸಿ. ಆದೇಶದ ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗಳ ಕೈಗೆ ಯಾವ ತಾರೀಖಿಗೆ ತಲುಪುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸಿ.

ಇತಿ,
ತಾಯಂದಿರ ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ಕಾರ್ಯಕರ್ತೆಯರು