ಹಂಡೆ ಎಲ್ಲಿ, ಪುಟ್ಟಿ?

ಸಾಗರ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನೀನು ಬರೆದ ಚಿತ್ರದ ಫೋಟೋ ನೋಡಿದೆ. ಅಜ್ಜಿ ಮನೆ ಬಚ್ಚಲು, ಹೊಗೆ, ಕೆಂಪು ಬೆಳಕು. ಬಣ್ಣ ಚೆನ್ನಾಗಿ ಕೂತಿದೆ. ಆದರೆ ಹಂಡೆ ಎಲ್ಲಿ? ಒಲೆಗೆ ಸೌದೆ ಯಾವ ಕಡೆಯಿಂದ ಹಾಕುತ್ತಿದ್ದರು? ಎಷ್ಟು ಹುಡುಕಿದರೂ ಆ ಹೊಗೆಯೊಳಗೆ ನಮ್ಮ ಮನೆ ನನಗೆ ಸಿಗಲಿಲ್ಲ.

ನಿನಗೆ ಮೇಯರ್ ಕಿರ್ಶೆನ್‌ಬ್ಲಾಟ್ ಅನ್ನುವ ಚಿತ್ರಕಾರರ ವಿಷಯ ಹೇಳಬೇಕು. 1916ರಲ್ಲಿ ಪೋಲೆಂಡಿನ ಒಪಾಟೂಫ್ ಊರಲ್ಲಿ ಹುಟ್ಟಿದ ಯಹೂದಿ. ಅಲ್ಲಿನ ಯಹೂದಿಗಳ ಯಿಡ್ಡಿಷ್ ಮಾತಲ್ಲಿ ಆ ಊರಿಗೆ ಆಪ್ಟ್ ಅನ್ನುತ್ತಿದ್ದರು. 1934ರಲ್ಲಿ ಕೆನಡಾಕ್ಕೆ ಹೋದರು. ಟೊರಾಂಟೊದಲ್ಲಿ ಗೋಡೆ ಬಣ್ಣ, ವಾಲ್‌ಪೇಪರ್ ಅಂಗಡಿ ನಡೆಸಿದರು. ಚಿತ್ರ ಬರೆಯಲು ಕೂತಿದ್ದು 73ನೇ ವಯಸ್ಸಿನಲ್ಲಿ! ಯಾರ ಹತ್ತಿರವೂ ಕಲಿತವರಲ್ಲ. ಮಗಳು ಬಾರ್ಬರಾ 1967ರಿಂದಲೇ ಅವರನ್ನು ಕೂರಿಸಿಕೊಂಡು ಬಾಲ್ಯದ ಬಗ್ಗೆ ಕೇಳುತ್ತಾ ಬಂದಿದ್ದರು. ಮನೆಯವರೆಲ್ಲ ಬೆನ್ನು ಬಿದ್ದ ಮೇಲೆ ಬ್ರಷ್ ಹಿಡಿದರು.

ಅವರ ಚಿತ್ರಗಳನ್ನು ಒಮ್ಮೆ ನಿಧಾನವಾಗಿ ನೋಡು. ಅಡುಗೆಮನೆ, ಸಂತೆ, ಮದುವೆ, ಕಸುಬಿನವರು. ಮೀನು ಕದ್ದು ಎದೆಯ ಬಟ್ಟೆಯೊಳಗೆ ಸೇರಿಸುವ ಹೆಂಗಸು ಕೂಡ ಇದ್ದಾಳೆ. ನನ್ನನ್ನು ಬಿಡದೆ ಕಾಡುವುದು ಬಿಳಿ ಪೈಜಾಮದ ಹುಡುಗ. ಊರಲ್ಲಿ ಎಲ್ಲಿ ಹೋದರೂ ಅವನದು ಬಿಳಿ ಬಟ್ಟೆ. ಯಾಕೆ ಗೊತ್ತಾ? ಯಹೂದಿಗಳಲ್ಲಿ ಹೆಣಕ್ಕೆ ಹೊದಿಸುವುದು ಬಿಳಿ. ಇವನು ಆಗಲೇ ಸತ್ತವನು ಅಂದುಕೊಂಡು ಸಾವಿನ ದೂತ ಬಿಟ್ಟು ಹೋಗಲಿ ಅಂತ ಹೆತ್ತವರ ಆಸೆ. ನಮ್ಮಲ್ಲಿ ಮಕ್ಕಳು ಉಳಿಯದ ಮನೆಯಲ್ಲಿ ತಿಪ್ಪ ಅಂತ ಹೆಸರಿಡುತ್ತಿದ್ದರಲ್ಲ, ಅದೇ ಸಂಕಟ. ಕಿರ್ಶೆನ್‌ಬ್ಲಾಟ್ ಆ ದುಃಖ ತೋರಿಸಲು ಬಣ್ಣ ಮಸುಕು ಮಾಡಲಿಲ್ಲ. ಹುಡುಗನಿಗೆ ಬಿಳಿ ಬಟ್ಟೆ ತೊಡಿಸಿ ನಿಲ್ಲಿಸಿದರು, ಅಷ್ಟೇ.

1942ರಲ್ಲಿ ಆ ಊರಿನ ಯಹೂದಿಗಳನ್ನು ನಾಜಿಗಳು ಟ್ರೆಬ್ಲಿಂಕಾ ಅನ್ನುವ ಕೊಲೆ ಶಿಬಿರಕ್ಕೆ ಸಾಗಿಸಿ ಕೊಂದರು. ಕಿರ್ಶೆನ್‌ಬ್ಲಾಟ್ ಅವರ ಚಿತ್ರಗಳಲ್ಲಿ ಹೆಚ್ಚಿನವು ಅದಕ್ಕೂ ಮುಂಚಿನ ದಿನಗಳವು. ಅಲ್ಲಿ ಆ ಜನ ಇನ್ನೂ ಉಣ್ಣುತ್ತಾರೆ, ಜಗಳ ಆಡುತ್ತಾರೆ, ಮದುವೆಗೆ ಹೊರಡುತ್ತಾರೆ. ನೋಡುವಾಗ ನನಗೆ ಗಂಟಲು ಕಟ್ಟುತ್ತದೆ.

ನಮ್ಮ ಮನೆಗೆ ಅಂಥ ಕಷ್ಟ ಬಂದಿಲ್ಲ, ದೇವರು ದೊಡ್ಡವನು. ಆದರೂ ಕೇಳು. ಹಳೆಯದು ಅಂದ ಕೂಡಲೇ ಸುಮ್ನೆ ಹೊಗೆ ತುಂಬಬೇಡ. ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ಬರೆ.

ಈ ಭಾನುವಾರ ಅಜ್ಜಿಗೆ ಫೋನ್ ಮಾಡು. "ಆಗೆಲ್ಲ ಹೇಗಿತ್ತು" ಅಂತ ಕೇಳಬೇಡ, "ಚೆನ್ನಾಗಿತ್ತು ಮಗಾ" ಅಂದುಬಿಡುತ್ತಾರೆ. ಹಂಡೆಗೆ ನೀರು ಯಾರು ಹೊರುತ್ತಿದ್ದರು, ಬೂದಿ ಎಲ್ಲಿ ಸುರಿಯುತ್ತಿದ್ದರು, ಅದನ್ನು ಕೇಳು. ಮಾತು ತಾನಾಗಿ ಹರಿಯುತ್ತದೆ. ರೆಕಾರ್ಡ್ ಮಾಡಿಕೋ.

ಇನ್ನೊಂದು. ಹಂಡೆಯ ಕಂಠದಲ್ಲಿ ಒಂದು ತಗ್ಗಿದೆ. ನಾನು ಏಳು ವರ್ಷದವನಿದ್ದಾಗ ಕೈಯಿಂದ ಕೊಡ ಜಾರಿ ಆದದ್ದು. ಎಡಕ್ಕೆ, ಗೋಡೆ ಕಡೆ. ಅದನ್ನು ಬಿಡಬೇಡ.

ಇತಿ,
ನಿನ್ನ ಮಾವ