ಮೂರನೆಯ ವಾರ

ಈ ಸಂಚಿಕೆಯ ಪ್ರೂಫ್ ನಾಲ್ಕು ದಿನದಿಂದ ನನ್ನ ಮೇಜಿನ ಮೇಲೆ ಹಾಗೇ ಇದೆ. 11 ವರ್ಷದಿಂದ ನಮ್ಮ ಸುದ್ದಿಪತ್ರದ ಪ್ರೂಫ್ ಹೋಗುತ್ತಿದ್ದುದು ಒಂದೇ ಮನೆಗೆ, ಅಕ್ಕನ ಮನೆಗೆ. ಕಳಿಸಿದ ಎರಡನೇ ದಿನಕ್ಕೇ ವಾಪಸ್ ಬಂದುಬಿಡುತ್ತಿತ್ತು. ಈ ಸಲ ಕಳಿಸೋಣವೆಂದರೆ ಅಕ್ಕ ಇಲ್ಲ.

ಹೆಸರು, ಫೋಟೋ ಎರಡೂ ಬೇಡ ಎಂದು ಮನೆಯವರು ಹೇಳಿದ್ದಾರೆ. ಅದು ಅಕ್ಕನದೇ ಮಾತಂತೆ. ಇರಲಿ. ನಮ್ಮ ಸಂಘದಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಎಷ್ಟು ಮಂದಿ? ವಯಸ್ಸಿನಲ್ಲಿ ದೊಡ್ಡವರಿಗೂ ಅಕ್ಕ, ಕನ್ನಡ ತರಗತಿಗೆ ಬರುವ ಆರು ವರ್ಷದ ಮಕ್ಕಳಿಗೂ ಅಕ್ಕ. ಯಾರ ಬಗ್ಗೆ ಬರೆಯುತ್ತಿದ್ದೇನೆ ಎಂದು ನಿಮಗೆ ಈಗಾಗಲೇ ಗೊತ್ತಾಗಿದೆ.

ಅವರು ತಿದ್ದುತ್ತಿದ್ದುದು ಕೆಂಪು ಪೆನ್ನಿನಲ್ಲಿ. ತಪ್ಪಿದ್ದ ಪದವನ್ನು ಹೊಡೆದು ಹಾಕುತ್ತಿರಲಿಲ್ಲ. ಅದರ ಸುತ್ತ ಪುಟ್ಟದೊಂದು ಸೊನ್ನೆ ಸುತ್ತುತ್ತಿದ್ದರು. ಶ ಇರಬೇಕಾದ ಕಡೆ ಷ, ಳ ಇರಬೇಕಾದ ಕಡೆ ಲ, ಬಿಟ್ಟುಹೋದ ಒತ್ತಕ್ಷರ. ಅಂಚಿನಲ್ಲಿ ಒಂದೆರಡು ಮಾತು. "ಈ ವಾಕ್ಯಕ್ಕೆ ಉಸಿರು ಕಟ್ಟುತ್ತಿದೆ, ಎರಡು ಮಾಡು." "ಇದನ್ನು ಬರೆದ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳು." ತಪ್ಪು ತೋರಿಸಿದ ಪುಟದಲ್ಲೇ ಒಂದು ಶಭಾಷ್ ಕೂಡ ಇರುತ್ತಿತ್ತು. ಹೊಸದಾಗಿ ಬರೆಯುವವರು ಎರಡನೇ ಸಲವೂ ಬರೆಯುತ್ತಿದ್ದುದು ಅದರಿಂದಲೇ.

ನಾಲ್ಕು ವರ್ಷದ ಹಿಂದೆ ಅವರಿಗೆ ಹೊಟ್ಟೆ ಉಬ್ಬರಿಸಲು ಶುರುವಾಯಿತು. ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ. ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕು. ಗ್ಯಾಸ್ ಎಂದು ಮಾತ್ರೆ ಕೊಟ್ಟರು, ವಯಸ್ಸಾಯಿತು ಎಂದರು, ಟೆನ್ಷನ್ ಮಾಡ್ಕೋಬೇಡಿ ಎಂದರು. ಐದು ತಿಂಗಳು ಹೀಗೇ ಹೋಯಿತು. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಅಂಡಾಶಯದ ಕ್ಯಾನ್ಸರ್ ಮೂರನೇ ಹಂತಕ್ಕೆ ಬಂದಿತ್ತು. ಈ ಕಾಯಿಲೆ ಬಹಳಷ್ಟು ಹೆಂಗಸರಲ್ಲಿ ಹೀಗೇ, ತಡವಾಗಿಯೇ ಸಿಗುತ್ತದೆ. ಅದರ ಲಕ್ಷಣಗಳೆಲ್ಲ ದಿನನಿತ್ಯದ ಹೊಟ್ಟೆಯ ತೊಂದರೆಯಂತೆಯೇ ಕಾಣುತ್ತವೆ.

ಅದನ್ನು ಅಕ್ಕ ಮುಚ್ಚಿಡಲಿಲ್ಲ. ಎರಡು ಸಲ ಕೀಮೋ ಆದ ಮೇಲೆ ಸಂಘದ ಸಭೆಗೆ ಬಂದು, ಕುರ್ಚಿ ಹಾಕಿಸಿಕೊಂಡು ಕೂತು, ಅರ್ಧ ಗಂಟೆ ಮಾತಾಡಿದರು. ಹೆಂಗಸರು, ಗಂಡಸರು, ಕಾಲೇಜಿಗೆ ಹೋಗುವ ಮಕ್ಕಳು, ಎಲ್ಲರೂ ಇದ್ದರು. "ಹೊಟ್ಟೆಯುಬ್ಬರ, ಬೇಗ ಹೊಟ್ಟೆ ತುಂಬೋದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರ. ಇವು ಹೊಸದಾಗಿ ಶುರುವಾಗಿ, ಎರಡು ಮೂರು ವಾರ ಬಿಡದೇ ಕಾಡಿದರೆ ಸುಮ್ನೆ ಕೂರಬೇಡಿ. ಪ್ಯಾಪ್ ಟೆಸ್ಟ್ ಮಾಡಿಸಿದ್ದೀನಲ್ಲ ಅಂತ ಧೈರ್ಯವಾಗಿರಬೇಡಿ, ಅದು ಗರ್ಭಕೊರಳಿಗೆ. ಅಂಡಾಶಯದ್ದು ಅದರಲ್ಲಿ ಸಿಗೋದಿಲ್ಲ." ಅಂಡಾಶಯ, ಗರ್ಭಕೊರಳು ಎಂಬ ಪದಗಳನ್ನು ನಮ್ಮ ವೇದಿಕೆಯ ಮೈಕಿನಲ್ಲಿ ಅಷ್ಟು ಸಹಜವಾಗಿ ಯಾರೂ ಅಂದಿರಲಿಲ್ಲ. ಆ ದಿನ ಮನೆಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದವರು ನಮ್ಮಲ್ಲಿ ಇದ್ದಾರೆ. ಅವರೇ ನನಗೆ ಹೇಳಿದ್ದಾರೆ.

ಅಕ್ಕನ ರಕ್ತದಲ್ಲಿ ಬಿಆರ್‌ಸಿಎ1 ಎಂಬ ಜೀನಿನ ದೋಷ ಸಿಕ್ಕಿತು, ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವಂಥದ್ದು. ಈ ಜೀನನ್ನು ವಿಜ್ಞಾನಿಗಳು ಗುರುತಿಸಿದ್ದು 1994ರಲ್ಲಿ. ದೋಷ ಇದ್ದವರ ಮಕ್ಕಳಿಗೆ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ತಂದೆಯಿಂದಲೂ ಮಗಳಿಗೆ ಬರಬಹುದು. ಅಕ್ಕ ಒಂದು ಪಟ್ಟಿ ಮಾಡಿಕೊಂಡು ತಂಗಿ, ತಮ್ಮ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ಎಲ್ಲರಿಗೂ ತಾವೇ ಫೋನ್ ಮಾಡಿದರು. ಕೆಲವರು ಬೇಜಾರು ಮಾಡಿಕೊಂಡು ಫೋನ್ ಇಟ್ಟರಂತೆ. ಒಂದು ವಾರ ಬಿಟ್ಟು ಅವರಿಗೆ ಮತ್ತೆ ಮಾಡಿದರು.

ಇನ್ನು ಚಿಕಿತ್ಸೆ. ಮೂರು ವಾರಕ್ಕೊಮ್ಮೆ ಎರಡು ಔಷಧಿ, ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್. ಮೂರು ಸುತ್ತು ಆದ ಮೇಲೆ ಆಪರೇಷನ್, ಆಮೇಲೆ ಮತ್ತೆ ಮೂರು ಸುತ್ತು. ಕಾರ್ಬೋಪ್ಲಾಟಿನ್‌ನಲ್ಲಿ ನಿಜಕ್ಕೂ ಪ್ಲಾಟಿನಂ ಇರುತ್ತದೆ ಎಂದು ನರ್ಸ್ ಹೇಳಿದ ದಿನ ಅಕ್ಕನ ಖುಷಿ ನೋಡಬೇಕಿತ್ತು. "ನಿಮಗೆಲ್ಲ ಮೈಮೇಲೆ ಚಿನ್ನ. ನನಗೆ ಮೈಯೊಳಗೇ ಪ್ಲಾಟಿನಂ!" ಪ್ಯಾಕ್ಲಿಟ್ಯಾಕ್ಸೆಲ್ ಬಗ್ಗೆ ಅವರೇ ಓದಿ ತಿಳಿದುಕೊಂಡರು. ಪೆಸಿಫಿಕ್ ಯೂ ಎಂಬ ಮರದ ತೊಗಟೆಯಲ್ಲಿ ಸಿಕ್ಕ ಮದ್ದು ಅದು. ತೊಗಟೆಯ ಮೊದಲ ಮಾದರಿ ತಂದದ್ದು 1962ರಲ್ಲಿ. ಮನ್ರೋ ವಾಲ್ ಮತ್ತು ಭಾರತದಿಂದ ಹೋದ ಮನ್ಸುಖ್ ವಾನಿ ಎಂಬ ವಿಜ್ಞಾನಿಗಳು ಸೇರಿ ಅದರ ರಚನೆಯನ್ನು ಪ್ರಕಟಿಸಿದ್ದು 1971ರಲ್ಲಿ. ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅನುಮತಿ ಸಿಕ್ಕಿದ್ದು 1992ರಲ್ಲಿ. "ಮೂವತ್ತು ವರ್ಷ ಕಣೋ! ಯಾರ್ಯಾರೋ ಮೂವತ್ತು ವರ್ಷ ಕೂತು ನನಗೋಸ್ಕರ ಕೆಲಸ ಮಾಡಿದ್ದಾರೆ" ಎಂದು ಡ್ರಿಪ್ ಹಾಕಿದ್ದ ಕೈಯನ್ನೇ ಸ್ವಲ್ಪ ಎತ್ತಿ ತೋರಿಸಿದರು. ಆ ಬಾಟಲಿಯನ್ನು ನಾನು ಅಲ್ಲಿಯವರೆಗೆ ಹೆದರಿಕೊಂಡೇ ನೋಡುತ್ತಿದ್ದೆ.

ಅವರು ಕ್ಯಾನ್ಸರನ್ನು ಮರೆತು ಬದುಕಿದರು ಎಂದು ಮೊನ್ನೆ ಸಂತಾಪ ಸಭೆಯಲ್ಲಿ ಹಲವರು ಹೇಳಿದರು. ಪ್ರೀತಿಯಿಂದಲೇ ಹೇಳಿದರು. ಆದರೆ ನಾನು ಕಂಡ ಅಕ್ಕ ಹಾಗಿರಲಿಲ್ಲ. ಅವರಷ್ಟು ಕರಾರುವಾಕ್ಕಾಗಿ ದಿನದ ಲೆಕ್ಕ ಇಟ್ಟವರನ್ನು ನಾನು ನೋಡಿಲ್ಲ.

ಅವರಿಗೆ ತಿಂಗಳು ಇರಲಿಲ್ಲ, 21 ದಿನದ ಸುತ್ತು ಇತ್ತು. ಮೊದಲ ವಾರ ಸುಸ್ತು, ವಾಂತಿ ಬಂದ ಹಾಗಾಗುವುದು, ಮೈಕೈ ನೋವು. ಕೀಮೋ ಜೊತೆ ಕೊಡುವ ಸ್ಟೀರಾಯ್ಡಿನಿಂದ ಮೊದಲ ಒಂದೆರಡು ರಾತ್ರಿ ನಿದ್ದೆಯೇ ಇಲ್ಲ. ಎರಡನೇ ವಾರ ಮನೆಯಲ್ಲೇ. ಕೀಮೋ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಹೊಡೆಯುತ್ತದೆ. ಮೂಳೆಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳೂ ಆಗ ಕೆಳಗಿಳಿದಿರುತ್ತವೆ. ಸಣ್ಣ ಸೋಂಕೂ ದೊಡ್ಡದಾಗಬಹುದು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾತ್ರಿಯೋ ಹಗಲೋ ಎನ್ನದೆ ಆಸ್ಪತ್ರೆಗೆ ಫೋನ್ ಮಾಡಬೇಕು. ಮೂರನೇ ವಾರಕ್ಕೆ ಕಣಗಳು ಮತ್ತೆ ಮೇಲೇರುತ್ತವೆ, ಬಾಯಿಗೆ ರುಚಿ ಬರುತ್ತದೆ, ಮೆಟ್ಟಿಲು ಹತ್ತಲು ಆಗುತ್ತದೆ. ಆಮೇಲೆ ಮುಂದಿನ ಡ್ರಿಪ್.

ಆ ಮೂರನೇ ವಾರ ಅಕ್ಕನದು. ಅಲ್ಲ, ನಮ್ಮದು. ಅಕ್ಕ ಅದನ್ನು ನಮಗೇ ಕೊಟ್ಟಿದ್ದರು.

ನಿದ್ದೆಯಿಲ್ಲದ ರಾತ್ರಿಗಳಲ್ಲಿ ಪ್ರೂಫ್ ನೋಡುತ್ತಿದ್ದರು. ಬೆಳಗಿನ ಜಾವ ಮೂರಕ್ಕೆ ನನ್ನ ಫೋನಿಗೆ ಫೋಟೋಗಳು ಬಂದಿರುತ್ತಿದ್ದವು, ಪುಟ ಪುಟವೂ. ಎರಡನೇ ವಾರ ಮಕ್ಕಳ ತರಗತಿ ವಿಡಿಯೋದಲ್ಲಿ. ತಲೆಗೆ ಹಳದಿ ಸ್ಕಾರ್ಫ್ ಕಟ್ಟಿಕೊಂಡು ಕಾಗುಣಿತ ಹೇಳಿಸುತ್ತಿದ್ದರು. ಮೂರನೇ ವಾರ ನಾಟಕದ ತಾಲೀಮು. ಎರಡು ವರ್ಷದ ತಾಲೀಮಿನ ಪಟ್ಟಿಗಳನ್ನು ಮೊನ್ನೆ ನಮ್ಮ ಕಾರ್ಯದರ್ಶಿ ತೆಗೆದು ನೋಡಿದರು. ಕೀಮೋ ನಡೆಯುತ್ತಿದ್ದ ತಿಂಗಳುಗಳಲ್ಲಿ ದೊಡ್ಡ ತಾಲೀಮುಗಳೆಲ್ಲ ಮೂರು ವಾರಕ್ಕೊಂದು ಬಿದ್ದಿವೆ. ಆಗ ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಹಾಲ್ ಸಿಗೋದು ಆವತ್ತೇ ಎಂದು ಅಕ್ಕ ಹೇಳಿದ್ದರು, ನಾವು ನಂಬಿದ್ದೆವು.

ನಾಟಕದ ದಿನದ ಒಂದು ವಿಷಯ ಹೇಳಲೇಬೇಕು. ಅಜ್ಜಿಯ ಪಾತ್ರ ಮಾಡುತ್ತಿದ್ದ ಹುಡುಗಿಯ ವಿಗ್ ಮನೆಯಲ್ಲೇ ಉಳಿದುಬಿಟ್ಟಿತ್ತು. ಪರದೆ ಏಳಲು ಹತ್ತು ನಿಮಿಷ. ಹುಡುಗಿ ಅಳುವುದಕ್ಕೆ ಶುರು ಮಾಡಿದಳು. ಅಕ್ಕ ತಮ್ಮ ತಲೆಯ ವಿಗ್ ತೆಗೆದು, ಒಮ್ಮೆ ಕೊಡವಿ, ಅವಳ ತಲೆಗಿಟ್ಟು, ಹಣೆಯ ಹತ್ತಿರ ಎರಡು ಪಿನ್ ಸಿಕ್ಕಿಸಿದರು. ಮೇಲೆ ಬಿಳಿ ಪೌಡರ್ ಹಾಕಿ ಬೆರಳಲ್ಲಿ ಹರಡಿದರು. "ನನಗಿಂತ ನಿನಗೇ ಚೆನ್ನಾಗಿ ಒಪ್ಪುತ್ತೆ. ಹೋಗು, ಮೊದಲ ಮಾತು ನಿಧಾನಕ್ಕೆ ಹೇಳು." ಆಮೇಲೆ ಒಂದೂವರೆ ಗಂಟೆ ಪರದೆಯ ಪಕ್ಕದಲ್ಲಿ ಬೋಳು ತಲೆಯಲ್ಲೇ ನಿಂತು ಪ್ರಾಂಪ್ಟ್ ಮಾಡಿದರು. ಪಕ್ಕದ ದೀಪದ ಬೆಳಕು ಆ ತಲೆಯ ಮೇಲೆ ಬಿದ್ದಿತ್ತು. ಮಕ್ಕಳು ಮೊದಲು ನೋಡಿ ಸುಮ್ಮನಾದರು. ಆಮೇಲೆ ಒಬ್ಬ ಹತ್ತಿರ ಹೋಗಿ "ಮುಟ್ಟಲಾ ಅಕ್ಕ?" ಎಂದ. ಅಕ್ಕ ಬಗ್ಗಿದರು.

ಅವರು ಯಾವಾಗಲೂ ನಗುತ್ತಿದ್ದರು ಎಂದು ಬರೆದರೆ ತಪ್ಪಾಗುತ್ತದೆ. ಒಂದು ಸಂಜೆ ಫೋನ್ ಮಾಡಿ, "ಇವತ್ತು ನಗೋಕೆ ಆಗ್ತಿಲ್ಲ ಕಣೋ, ನೀನೇ ಏನಾದ್ರೂ ಮಾತಾಡು" ಎಂದರು. ಏನು ಮಾತಾಡಿದೆನೋ ನೆನಪಿಲ್ಲ. ಆ ಕಡೆಯಿಂದ ಅಳು ಮಾತ್ರ ಕೇಳುತ್ತಿತ್ತು. "ನೀವು ಧೈರ್ಯವಂತರು" ಎಂದು ಯಾರಾದರೂ ಅಂದರೆ ಅವರಿಗೆ ಕಷ್ಟವಾಗುತ್ತಿತ್ತು. ಅಳಬೇಕೆನಿಸಿದ ದಿನ ಅಂಥವರ ಮುಂದೆ ಅಳುವುದು ಹೇಗೆ, ಅಲ್ವಾ? "ಏನಾದ್ರೂ ಬೇಕಿದ್ರೆ ಹೇಳಿ" ಎಂಬ ಮಾತೂ ಅಷ್ಟೇ. "ಬೇಕಾದ್ದನ್ನು ಯೋಚನೆ ಮಾಡಿ ಕೇಳೋಕೂ ಶಕ್ತಿ ಬೇಕು. ಗುರುವಾರ ನಾನು ಕಾರು ತರ್ತೀನಿ, ಎಷ್ಟು ಹೊತ್ತಿಗೆ ಬರಲಿ ಅಂತ ಕೇಳಿ ನೋಡು. ಎಷ್ಟು ಹಗುರ ಆಗುತ್ತೆ!" ಆ ಮಾತಿನ ಮೇಲೆ ನಮ್ಮ ಸಂಘದವರು ಹದಿನಾಲ್ಕು ಜನ ಗುರುವಾರಗಳನ್ನು ಹಂಚಿಕೊಂಡರು. ಆ ಪಟ್ಟಿ ಅಕ್ಕನ ಕೊನೆಯ ತಿಂಗಳವರೆಗೂ ನಡೆಯಿತು.

ಔಷಧಿಯಿಂದ ಅವರ ಕೈಬೆರಳುಗಳು ಜೋಮು ಹಿಡಿದವು. ಪೆನ್ನು ಜಾರುತ್ತಿತ್ತು. ಅಕ್ಕ ದಪ್ಪನೆಯ ಮಾರ್ಕರ್ ತರಿಸಿಕೊಂಡರು. ಪುಟ್ಟ ಸೊನ್ನೆಗಳು ದೊಡ್ಡವಾದವು. ಕೆಲವು ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ, ಒಂದು ಕಡೆ ಬಾಯಿ ತೆರೆದೇ ಇರುತ್ತಿತ್ತು. ಒಂದು ತಪ್ಪೂ ಮಾತ್ರ ಅವರ ಕಣ್ಣು ತಪ್ಪಲಿಲ್ಲ.

ಸುಮಾರು ಒಂದೂವರೆ ವರ್ಷ ಕಾಯಿಲೆ ತಣ್ಣಗಿತ್ತು. ಮೂರು ತಿಂಗಳಿಗೊಮ್ಮೆ ಸಿಎ-125 ಎಂಬ ರಕ್ತ ಪರೀಕ್ಷೆ. ಅದರಲ್ಲಿ ಅಂಕಿ 35ಕ್ಕಿಂತ ಕೆಳಗಿದ್ದರೆ ಸಾಮಾನ್ಯ ಎನ್ನುತ್ತಾರೆ. "ಕಡಿಮೆ ಮಾರ್ಕ್ಸ್ ಬಂದರೆ ಪಾಸಾಗೋ ಪರೀಕ್ಷೆ ಇದೊಂದೇ" ಎಂದು ನಗುತ್ತಿದ್ದರು. ಒಂದು ಸಲ ಮಾರ್ಕ್ಸ್ ಏರಿತು. ಮುಂದಿನ ಸಲ ಇನ್ನೂ ಜಾಸ್ತಿ. ಮತ್ತೆ ಕೀಮೋ, ಮತ್ತೆ 21 ದಿನದ ಲೆಕ್ಕ. ಆದರೆ ಈ ಸಲ ಮೂರನೇ ವಾರ ಚಿಕ್ಕದಾಗುತ್ತಾ ಬಂತು. ಐದು ದಿನ, ನಾಲ್ಕು ದಿನ, ಎರಡು.

ಡಾಕ್ಟರು ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ಸಂಕಟ ಕಡಿಮೆ ಮಾಡುವ ಆರೈಕೆ, ಎಂದಾಗ ನಾವೆಲ್ಲ ಹೆದರಿದೆವು. ಎಲ್ಲ ಮುಗಿಯಿತು, ಕೈಬಿಟ್ಟರು ಎಂದೇ ಅರ್ಥ ಮಾಡಿಕೊಂಡೆವು. ಅಕ್ಕ ಅದನ್ನೂ ಓದಿಕೊಂಡು ಕೂತಿದ್ದರು. ಸಿಸಿಲಿ ಸಾಂಡರ್ಸ್ ಎಂಬ ಹೆಂಗಸು ಮೊದಲು ನರ್ಸ್ ಆಗಿ, ಆಮೇಲೆ ಡಾಕ್ಟರಾಗಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಮನೆ ತೆರೆದ ಕಥೆ ಹೇಳಿದರು. ನೋವು ಮೈಯದು ಮಾತ್ರ ಅಲ್ಲ, ಮನಸ್ಸಿನದೂ ಮನೆಯವರದೂ ಸೇರಿ ಒಂದೇ ನೋವು ಎಂದು ಆಕೆ ಹೇಳಿದ್ದು ಅಕ್ಕನಿಗೆ ಬಹಳ ಹಿಡಿಸಿತ್ತು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನೂ ತೋರಿಸಿದರು. ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ ರೋಗಿಗಳಲ್ಲಿ ಮೊದಲಿನಿಂದಲೇ ಈ ಆರೈಕೆ ಸಿಕ್ಕವರು ನೆಮ್ಮದಿಯಾಗಿದ್ದರು, ಉಳಿದವರಿಗಿಂತ ಸರಾಸರಿ ಎರಡೂವರೆ ತಿಂಗಳಿಗೂ ಜಾಸ್ತಿ ಬದುಕಿದರು ಕೂಡ. "ನಾನೂ ಮೊದಲೇ ಕೇಳಬೇಕಿತ್ತು" ಎಂದರು. ಇದನ್ನು ಇಲ್ಲಿ ಬರೆಯುತ್ತಿರುವುದು ಅವರು ಬರೆಯಲು ಹೇಳಿದ್ದಕ್ಕೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಇದ್ದರೆ, ಕೀಮೋ ನಡೆಯುತ್ತಿರುವಾಗಲೇ ಈ ಆರೈಕೆಯನ್ನೂ ಕೇಳಿ ಪಡೆಯಬಹುದು.

ನೋವು ಹತೋಟಿಗೆ ಬಂದ ಮೇಲೆ ಅಕ್ಕನಿಗೆ ಮತ್ತೆ ಕೆಲವು ಒಳ್ಳೆಯ ದಿನ ಸಿಕ್ಕವು. ಮಗಳ ಜೊತೆ ಕೂತು ಹಳೆಯ ಫೋಟೋಗಳ ಹಿಂದೆ ಯಾರು ಯಾರೆಂದು ಬರೆಸಿದರು. ತರಗತಿಯ ಮಕ್ಕಳಿಗೆ ಒಬ್ಬೊಬ್ಬರಿಗೂ ಒಂದೊಂದು ಪತ್ರ ಹೇಳಿ ಬರೆಸಿದರು. ಕೆಳಗೆ ಸಹಿ ಮಾತ್ರ ತಮ್ಮ ಕೈಯಲ್ಲೇ.

ಕಳೆದ ಸಂಚಿಕೆಯ ಪ್ರೂಫ್ ಹೊತ್ತಿಗೆ ಅವರಿಗೆ ಓದಲು ಆಗುತ್ತಿರಲಿಲ್ಲ. ನಾನು ಹಾಸಿಗೆಯ ಪಕ್ಕ ಕೂತು ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಿದ್ದೆ ಬಂದಿರಬೇಕು ಎಂದುಕೊಂಡು ಓದುವುದನ್ನು ನಿಲ್ಲಿಸಿದರೆ ಹುಬ್ಬು ಗಂಟಿಕ್ಕುತ್ತಿದ್ದರು. ಎಲ್ಲಾದರೂ ವಾಕ್ಯ ಎಡವಿದರೆ ಹೊದಿಕೆಯ ಮೇಲಿದ್ದ ಕೈಯ ತೋರುಬೆರಳು ಮೆಲ್ಲಗೆ ಏಳುತ್ತಿತ್ತು. ನಾನು ಮತ್ತೊಮ್ಮೆ ಓದುತ್ತಿದ್ದೆ, ತಿದ್ದುತ್ತಿದ್ದೆ, ಬೆರಳು ಇಳಿಯುತ್ತಿತ್ತು. ಹನ್ನೆರಡು ಪುಟಕ್ಕೆ ಒಂಬತ್ತು ಸಲ ಎದ್ದಿತು. ಕೊನೆಯಲ್ಲಿ, "ಜೋರಾಗಿ ಓದಿದರೆ ನಿನಗೇ ಕೇಳಿಸುತ್ತೆ. ಒಬ್ಬನೇ ಇದ್ದರೂ ಜೋರಾಗಿ ಓದು" ಎಂದರು. ನನ್ನ ಜೊತೆ ಅಷ್ಟು ಉದ್ದದ ಮಾತು ಆಡಿದ್ದು ಅದೇ ಕೊನೆ.

ಈ ವರ್ಷದ ನಾಟಕದ ತಾಲೀಮು ಶುರುವಾಗಬೇಕು. ಕಾರ್ಯದರ್ಶಿಯವರು ದಿನಾಂಕಗಳ ಪಟ್ಟಿ ಕಳಿಸಿದ್ದಾರೆ, ಕೊನೆಯ ಪುಟದಲ್ಲಿದೆ. ಮೂರು ವಾರಕ್ಕೊಂದು ದೊಡ್ಡ ತಾಲೀಮು ಎಂದೇ ಇಟ್ಟಿದ್ದಾರೆ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಕ್ಕಳ ತರಗತಿ ಎಂದಿನಂತೆ ನಡೆಯುತ್ತದೆ. ಅಜ್ಜಿಯ ಪಾತ್ರ ಮಾಡಿದ ಆ ಹುಡುಗಿಯೇ ಕಾಗುಣಿತ ಹೇಳಿಕೊಡುತ್ತೇನೆ ಎಂದು ಮುಂದೆ ಬಂದಿದ್ದಾಳೆ.

ನಿನ್ನೆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಬಾಗಿಲು ಹಾಕಿಕೊಂಡು ಈ ಸಂಚಿಕೆಯ ಪ್ರೂಫನ್ನು ಮೊದಲ ಪುಟದಿಂದ ಜೋರಾಗಿ ಓದಿದೆ. ಆರನೇ ಪುಟದಲ್ಲಿ ನಾಲಿಗೆ ನಿಂತಿತು. ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಕೆಂಪು ಪೆನ್ನು ಹುಡುಕಿ ತಂದು ಅದರ ಸುತ್ತ ಪುಟ್ಟದೊಂದು ಸೊನ್ನೆ ಸುತ್ತಿದೆ.